ನಿಮಗಿದು ಗೊತ್ತೇ? ದೇವಬಾಗದ ಗಾಳಿ, ಮಹಾನಗರದ ಧಗೆ

ಕಾರವಾರದಲ್ಲಿ ಉಷ್ಣಮಾಪಕ 37 ಡಿಗ್ರಿ ಮುಟ್ಟಿದರೆ ಹವಾಮಾನ ಇಲಾಖೆ ‘ಬಿಸಿಗಾಳಿ’ ಎಂದು ಸಾರಬಹುದು. ಕಲಬುರಗಿಯಲ್ಲಿ ಏಪ್ರಿಲ್ ತಿಂಗಳಲ್ಲಿ ಅದೇ 37 ಬಂದರೆ ಜನ ‘ಈ ಸಲ ಬ್ಯಾಸಿಗಿ ತಂಪೈತಿ’ ಅಂದಾರು. ಇಲಾಖೆಯ ಅಳತೆಗೋಲೇ ಹಾಗಿದೆ. ಬಯಲಿಗೆ 40, ಗುಡ್ಡಗಾಡಿಗೆ 30, ಕರಾವಳಿಗೆ 37. ಜೊತೆಗೆ ಆ ದಿನದ ವಾಡಿಕೆಗಿಂತ ಕನಿಷ್ಠ ನಾಲ್ಕೂವರೆ ಡಿಗ್ರಿ ಹೆಚ್ಚಿರಬೇಕು. ವಾಡಿಕೆಗಿಂತ 6.4 ಡಿಗ್ರಿಗೂ ಮಿಕ್ಕಿ ಏರಿದರೆ ಅದು ‘ತೀವ್ರ ಬಿಸಿಗಾಳಿ’. ಬಯಲುನಾಡಿನಲ್ಲಿ 45 ಮುಟ್ಟಿತೆಂದರೆ ವಾಡಿಕೆಯ ಲೆಕ್ಕವನ್ನೇ ಕೇಳುವುದಿಲ್ಲ.

ಕರಾವಳಿಗೆ ಈ ರಿಯಾಯಿತಿ ಬೆವರಿನ ದೆಸೆಯಿಂದ. ಒಂದು ಲೀಟರ್ ಬೆವರು ಮೈಮೇಲೆ ಪೂರ್ತಿ ಆರಿದರೆ ಸುಮಾರು 580 ಕಿಲೊಕ್ಯಾಲರಿ ಶಾಖವನ್ನು ಹೊತ್ತೊಯ್ಯುತ್ತದೆ. ಆದರೆ ಆರಬೇಕಲ್ಲ! ಗಾಳಿಯಲ್ಲೇ ನೀರು ತುಂಬಿರುವ ಕಾರವಾರದಲ್ಲಿ ಬೆವರು ಆರುವುದಿಲ್ಲ, ಬರೀ ಇಳಿಯುತ್ತದೆ. ಅಂಗಿ ಒದ್ದೆಯಾಗುತ್ತದೆಯೇ ಹೊರತು ಮೈ ತಣಿಯುವುದಿಲ್ಲ.

ಇದನ್ನು ಅಳೆಯುವ ಉಪಾಯ ಹಳೆಯದು, ಸರಳವಾದದ್ದು. ಉಷ್ಣಮಾಪಕದ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ ಗಾಳಿಯಾಡಲು ಬಿಡುವುದು. ಒಣ ಹವೆಯಲ್ಲಿ ಅದು ಬಹಳ ಕೆಳಗೆ ಇಳಿಯುತ್ತದೆ, ತೇವದ ಹವೆಯಲ್ಲಿ ಇಳಿಯಲು ಒಲ್ಲೆ ಎನ್ನುತ್ತದೆ. ಈ ‘ಒದ್ದೆ ಬಟ್ಟೆ’ಯ ಅಂಕಿ 35 ಡಿಗ್ರಿ ತಲುಪಿದರೆ ನೆರಳಲ್ಲಿ ಸುಮ್ಮನೆ ಕೂತ ಗಟ್ಟಿಮುಟ್ಟಾದ ಮನುಷ್ಯನೂ ಕೆಲವು ಗಂಟೆಗಳಲ್ಲಿ ಸಾಯಬಹುದು ಎಂದು 2010ರಲ್ಲಿ ವಿಜ್ಞಾನಿಗಳು ಲೆಕ್ಕ ಹಾಕಿದರು. ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯ ಆರೋಗ್ಯವಂತ ತರುಣರನ್ನು ಕೋಣೆಯಲ್ಲಿ ಇರಿಸಿ ನಿಜವಾಗಿ ಪರೀಕ್ಷಿಸಿತು. 2022ರಲ್ಲಿ ಬಂದ ಫಲಿತಾಂಶದಲ್ಲಿ ಆ ಗಡಿ ಇನ್ನೂ ಕೆಳಗಿತ್ತು. ತೇವದ ಹವೆಯಲ್ಲಿ 31ರ ಆಸುಪಾಸಿನಲ್ಲೇ ಮೈಯ ಲೆಕ್ಕಾಚಾರ ತಪ್ಪತೊಡಗಿತ್ತು.

2023ರ ಏಪ್ರಿಲ್ 16ರಂದು ನವಿ ಮುಂಬಯಿಯ ಖಾರ್‌ಘರ್‌ನಲ್ಲಿ ಬಯಲಲ್ಲಿ ಒಂದು ಸರ್ಕಾರಿ ಪ್ರಶಸ್ತಿ ಸಮಾರಂಭ ನಡೆಯಿತು. ಲಕ್ಷಾಂತರ ಜನ ತಲೆಯ ಮೇಲೆ ಚಪ್ಪರವಿಲ್ಲದೆ ಕೂತಿದ್ದರು. 14 ಮಂದಿ ಸತ್ತರು. ಆ ದಿನ ಸಮೀಪದ ಹವಾಮಾನ ಕೇಂದ್ರದಲ್ಲಿ ದಾಖಲಾದ ಗರಿಷ್ಠ ಉಷ್ಣಾಂಶ 38 ಡಿಗ್ರಿಯ ಆಸುಪಾಸು ಮಾತ್ರ. ಪತ್ರಿಕೆಯಲ್ಲಿ 38 ಎಂದು ಓದಿದ ಒಳನಾಡಿನ ವಿದರ್ಭದವರಿಗೆ ಇದರಲ್ಲಿ ಸಾಯುವುದೇನಿದೆ ಎನ್ನಿಸಿರಬೇಕು. ಅರಬ್ಬಿ ಕಡಲ ದಂಡೆಯವರಿಗೆ ಹಾಗನ್ನಿಸದು.

ಈಗ ದೇವಬಾಗಕ್ಕೆ ಬನ್ನಿ. ಕಾರವಾರದಿಂದ ಕಾಳಿ ಸೇತುವೆ ದಾಟಿ ಸದಾಶಿವಗಡದ ಆಚೆ ಬಂದರೆ, ಒಂದು ಮಗ್ಗುಲಿಗೆ ಹೊಳೆ, ಇನ್ನೊಂದು ಮಗ್ಗುಲಿಗೆ ಕಡಲು, ನಡುವೆ ಉಸುಕು ಮತ್ತು ಗಾಳಿಮರದ ತೋಪು. ಇಲ್ಲಿ ಅತಿ ಬಿಸಿಯ ದಿನ ಯಾವ ತಿಂಗಳಲ್ಲಿ ಬರುತ್ತದೆ ಎಂದು ಹೊರಗಿನವರನ್ನು ಕೇಳಿದರೆ ಮೇ ಎನ್ನುತ್ತಾರೆ. ತಪ್ಪು. ಕಾರವಾರ, ಅಂಕೋಲೆ, ಹೊನ್ನಾವರಗಳಲ್ಲಿ ಉಷ್ಣಮಾಪಕದ ಪಾರ ಜಿಗಿಯುವುದು ಬಹಳ ಸಲ ಫೆಬ್ರವರಿ ಕೊನೆಗೆ ಮತ್ತು ಮಾರ್ಚಿನಲ್ಲಿ. ಇಡೀ ದೇಶದಲ್ಲಿ ಇನ್ನೂ ಬೇಸಿಗೆ ಸರಿಯಾಗಿ ಶುರುವಾಗಿರದ ಆ ದಿನಗಳಲ್ಲಿ ಈ ಕಡಲೂರುಗಳ ಹೆಸರು ‘ಇಂದು ಅತಿ ಹೆಚ್ಚು ಬಿಸಿಲಿದ್ದ ಊರುಗಳು’ ಪಟ್ಟಿಯಲ್ಲಿ ಕಾಣಿಸಿಕೊಳ್ಳುವುದುಂಟು.

ಯಾಕೆಂದರೆ ಆಗ ಗಾಳಿಯದು ಹಗ್ಗಜಗ್ಗಾಟ. ಬೆಳಿಗ್ಗೆ ಘಟ್ಟದ ಮೇಲಿನಿಂದ ಪೂರ್ವದ ಒಣಗಾಳಿ ಬೀಸುತ್ತದೆ. ಹೊತ್ತೇರಿ ನೆಲ ಕಾದ ಮೇಲೆ ಕಡಲ ಕಡೆಯಿಂದ ತಂಗಾಳಿ ಒಳಬರಬೇಕು. ಪೂರ್ವದ ಗಾಳಿ ದುರ್ಬಲವಾಗಿದ್ದ ದಿನ ಕಡಲಗಾಳಿ ಹನ್ನೊಂದಕ್ಕೋ ಹನ್ನೆರಡಕ್ಕೋ ಬಂದು ಪಾರವನ್ನು 32–33ರಲ್ಲಿ ತಡೆದು ನಿಲ್ಲಿಸುತ್ತದೆ. ಪೂರ್ವದ ಗಾಳಿ ಜೋರಾಗಿದ್ದ ದಿನ ಕಡಲಗಾಳಿ ಎರಡು ಗಂಟೆಯವರೆಗೂ ಬಾಗಿಲಲ್ಲೇ ನಿಲ್ಲಬೇಕು. ಆ ಎರಡು ತಾಸಿನಲ್ಲೇ ಐದಾರು ಡಿಗ್ರಿ ಏರಿಬಿಟ್ಟಿರುತ್ತದೆ. ಮೇ ತಿಂಗಳಿಗೆ ಪಶ್ಚಿಮದ ಗಾಳಿ ಗಟ್ಟಿಯಾಗಿ ನೆಲೆಯೂರಿರುವುದರಿಂದ ಆಟ ಮುಗಿದಿರುತ್ತದೆ. ಆಗ ಕಾಡುವುದು ಡಿಗ್ರಿಯಲ್ಲ, ತೇವ.

ಘಟ್ಟ ಇಳಿಯುವ ಗಾಳಿ ಬರೀ ಇಳಿಯುವುದಿಲ್ಲ, ಇಳಿಯುತ್ತ ಕಾಯುತ್ತದೆ. ಒಣಗಾಳಿ ಪ್ರತಿ 100 ಮೀಟರ್ ಕೆಳಗಿಳಿದಾಗ ಒತ್ತಡಕ್ಕೆ ಸಿಕ್ಕಿ ಸುಮಾರು ಒಂದು ಡಿಗ್ರಿ ಬಿಸಿಯಾಗುತ್ತದೆ. ಯಲ್ಲಾಪುರದ ಎತ್ತರ ಸುಮಾರು 500 ಮೀಟರ್. ಅಲ್ಲಿಂದ ಅರಬೈಲು ಘಾಟಿ ಇಳಿದು ಅಂಕೋಲೆಗೆ ಬರುವಷ್ಟರಲ್ಲಿ ಗಾಳಿಗೆ ಸೂರ್ಯನ ಹಂಗೇ ಇಲ್ಲದೆ ಐದು ಡಿಗ್ರಿ ಕೂಡಿಬಿಡುತ್ತದೆ.

ಇದೇ ಆಟ ಭೂಮಿಯ ಆ ಬದಿಯಲ್ಲೂ ನಡೆದದ್ದುಂಟು. ಅಮೆರಿಕದ ಪೋರ್ಟ್‌ಲ್ಯಾಂಡ್ ನಗರಕ್ಕೂ ಪಶ್ಚಿಮಕ್ಕೆ ಸಾಗರ, ಪೂರ್ವಕ್ಕೆ ಪರ್ವತಸಾಲು. 2021ರ ಜೂನ್ 28ರಂದು ಬೆಟ್ಟ ಇಳಿದು ಬಂದ ಪೂರ್ವದ ಗಾಳಿಯೂ ಕೈಜೋಡಿಸಿ ಆ ತಂಪು ಊರಿನಲ್ಲಿ 46.7 ಡಿಗ್ರಿ ದಾಖಲಾಯಿತು. ಟ್ರಾಮ್ ಕೇಬಲ್ಲುಗಳು ಕರಗಿದವು. ಮರುದಿನ ಕೆನಡಾದ ಲಿಟನ್ ಎಂಬ ಹಳ್ಳಿಯಲ್ಲಿ 49.6. ಅದರ ಮರುದಿನ ಆ ಹಳ್ಳಿಯೇ ಸುಟ್ಟುಹೋಯಿತು. ಮನುಷ್ಯನಿಂದ ಭೂಮಿ ಬಿಸಿಯಾಗದೆ ಇದ್ದಿದ್ದರೆ ಇಂಥದ್ದು ಹೆಚ್ಚುಕಡಿಮೆ ಅಸಾಧ್ಯವಿತ್ತು ಎಂಬುದು ಹವಾಮಾನ ವಿಜ್ಞಾನಿಗಳ ತೀರ್ಮಾನ.

2025ರ ಫೆಬ್ರವರಿ ಕೊನೆಯ ವಾರ ಹವಾಮಾನ ಇಲಾಖೆ ಕೊಂಕಣ, ಗೋವಾ, ಕರಾವಳಿ ಕರ್ನಾಟಕಕ್ಕೆ ಬಿಸಿಗಾಳಿಯ ಮುನ್ನೆಚ್ಚರಿಕೆ ಕೊಟ್ಟಿತು. ತಮಾಷೆಯೆಂದರೆ ಇಲಾಖೆಯ ಪಂಚಾಂಗದಲ್ಲಿ ಫೆಬ್ರವರಿ ಇನ್ನೂ ಚಳಿಗಾಲ! ಸರಾಸರಿ ಉಷ್ಣಾಂಶದಲ್ಲಿ ಆ ಫೆಬ್ರವರಿ 1901ರಿಂದೀಚೆಗೆ ದೇಶದ ಅತಿ ಬಿಸಿಯ ಫೆಬ್ರವರಿಯಾಯಿತು. ಅದಕ್ಕೂ ಎರಡು ವರ್ಷ ಹಿಂದೆ, 2023ರ ಮಾರ್ಚ್ 9 ಮತ್ತು 10ರಂದು, ಮಾಜಾಳಿಯ ಆಚೆ ಗಡಿ ದಾಟಿದರೆ ಸಿಗುವ ಗೋವಾದಲ್ಲಿ ಶಾಲೆಗಳನ್ನು ಮಧ್ಯಾಹ್ನದೊಳಗೆ ಬಿಡಲು ಸರ್ಕಾರವೇ ಹೇಳಿತ್ತು.

ಅಂಕೋಲೆಯ ಸುಗ್ಗಿ ಕುಣಿತವೂ ಹೋಳಿ ಹುಣ್ಣಿಮೆಯ ಆಸುಪಾಸಿಗೇ ಬರುವುದು. ತಲೆಯ ಮೇಲೆ ಭಾರದ ತುರಾಯಿ, ಕೈಯಲ್ಲಿ ಕುಂಚ, ಕಾಲಿಗೆ ಗೆಜ್ಜೆ, ಮನೆ ಮನೆಗೆ ಮೆರವಣಿಗೆ. ವರ್ಷದ ಅತಿ ಕೆಟ್ಟ ಬಿಸಿಲಿಗೂ ಊರಿನ ಅತಿ ಚೆಂದದ ಕುಣಿತಕ್ಕೂ ಒಂದೇ ಮುಹೂರ್ತ.

ದೆಹಲಿಯ ಅತಿ ತಂಪು ತಿಂಗಳಿಗೂ ಅತಿ ಬಿಸಿ ತಿಂಗಳಿಗೂ ಇರುವ ಸರಾಸರಿ ಅಂತರ ಸುಮಾರು 20 ಡಿಗ್ರಿ. ಕಾರವಾರದಲ್ಲಿ ಅದು ಹೆಚ್ಚೆಂದರೆ ಐದಾರು. ವರ್ಷವಿಡೀ ಒಂದೇ ತೆರನಾದ ಹವೆಗೆ ಒಗ್ಗಿದ ಊರಿಗೆ ಎರಡು ಡಿಗ್ರಿ ಏರಿಕೆಯೂ ಹೊಸ ಅನುಭವವೇ. ‘ನಮ್ಮಲ್ಲಿ 38, ಅಲ್ಲಿ 48, ನಾವೇ ವಾಸಿ’ ಎಂಬ ಸಮಾಧಾನದಲ್ಲಿ ಈ ಲೆಕ್ಕ ಬಿಟ್ಟುಹೋಗಿರುತ್ತದೆ.

ಇಷ್ಟಕ್ಕೂ ಉಷ್ಣಾಂಶವನ್ನು ಎಲ್ಲಿ ಅಳೆಯುತ್ತಾರೆ? ಬಿಸಿಲಲ್ಲಿ ಅಲ್ಲ, ನೆರಳಲ್ಲಿ. ಹುಲ್ಲುನೆಲದ ಮೇಲೆ, ಆಳೆತ್ತರಕ್ಕಿಂತ ಕೊಂಚ ಕೆಳಗೆ, ಗಾಳಿಯಾಡುವ ಪಟ್ಟಿಗಳಿರುವ ಬಿಳಿ ಮರದ ಪೆಟ್ಟಿಗೆಯಲ್ಲಿ. ಅದಕ್ಕೆ ಸ್ಟೀವನ್‌ಸನ್ ಪೆಟ್ಟಿಗೆ ಎಂದು ಹೆಸರು. ಮಾಡಿದವನು ಥಾಮಸ್ ಸ್ಟೀವನ್‌ಸನ್ ಎಂಬ ಸ್ಕಾಟ್ಲೆಂಡಿನ ದೀಪಸ್ತಂಭದ ಎಂಜಿನಿಯರ್. ‘ಟ್ರೆಷರ್ ಐಲ್ಯಾಂಡ್’ ಕಾದಂಬರಿ ಬರೆದ ರಾಬರ್ಟ್ ಲೂಯಿ ಸ್ಟೀವನ್‌ಸನ್ ಅವನ ಮಗ.

ಹಾಗಾಗಿ ಸುದ್ದಿಯಲ್ಲಿ ಬರುವ 38 ಎಂಬುದು ನೆರಳಿನ 38. ಮೀನು ಪೇಟೆಯ ತಗಡಿನ ಮಾಡಿನ ಕೆಳಗೆ ಬುಟ್ಟಿ ಇಟ್ಟು ಕೂತವಳ, ಹೆದ್ದಾರಿಗೆ ಡಾಂಬರು ಹಾಕುವವನ, ದಕ್ಕೆಯಲ್ಲಿ ಬಲೆ ರಿಪೇರಿ ಮಾಡುವವನ ಉಷ್ಣಾಂಶ ಅದಲ್ಲ. ಗಾಳಿ 40 ಡಿಗ್ರಿ ಇರುವಾಗ ಡಾಂಬರು ರಸ್ತೆಯ ಮೈ 60 ದಾಟುವುದು ಮಾಮೂಲು.

ಪೆಟ್ಟಿಗೆಯೊಳಗಿನ ಯಂತ್ರವೂ ಸುಳ್ಳು ಹೇಳಬಹುದು. 2024ರ ಮೇ 29ರಂದು ದೆಹಲಿಯ ಮುಂಗೇಶಪುರದಲ್ಲಿ 52.9 ಡಿಗ್ರಿ ಎಂದು ಜಗತ್ತಿಗೆಲ್ಲ ಸುದ್ದಿಯಾಯಿತು. ಪರಿಶೀಲಿಸಿದರೆ ಸೆನ್ಸರ್ 3 ಡಿಗ್ರಿ ಹೆಚ್ಚು ತೋರಿಸುತ್ತಿತ್ತು. ಹೀಗಾಗಿ ಭಾರತದ ದಾಖಲೆ ಇನ್ನೂ ರಾಜಸ್ಥಾನದ ಫಲೋದಿಯದೇ: 2016ರ ಮೇ 19, 51 ಡಿಗ್ರಿ.

ಲಿಬಿಯಾದ ಅಲ್ ಅಜೀಜಿಯಾ ಊರು 90 ವರ್ಷ ಜಗತ್ತಿನ ಅತಿ ಬಿಸಿಯ ಜಾಗವೆಂದು ಪುಸ್ತಕಗಳಲ್ಲಿತ್ತು. 1922ರ ಸೆಪ್ಟೆಂಬರಿನಲ್ಲಿ ದಾಖಲಾದ 58 ಡಿಗ್ರಿಯನ್ನು ಜಾಗತಿಕ ಹವಾಮಾನ ಸಂಸ್ಥೆ 2012ರಲ್ಲಿ ರದ್ದು ಮಾಡಿತು. ಅನುಭವವಿಲ್ಲದ ನೌಕರ ಉಷ್ಣಮಾಪಕವನ್ನು ತಪ್ಪಾಗಿ ಓದಿದ್ದನಂತೆ. ನಮ್ಮ ಸಾಮಾನ್ಯ ಜ್ಞಾನದ ಗೈಡುಗಳಲ್ಲಿ ಕೆಲವು ಇನ್ನೂ ಅವನನ್ನೇ ನಂಬಿವೆ.

ಬೆಂಗಳೂರಿನ ಅತಿ ಚಳಿಯ ದಾಖಲೆ 1884ರ ಜನವರಿ 13ರದು, 7.8 ಡಿಗ್ರಿ. ಅತಿ ಬಿಸಿಯ ದಾಖಲೆ 2016ರ ಏಪ್ರಿಲ್ 24ರದು, 39.2. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಊರಿಗೆ ಇದು ಸಣ್ಣ ಅಂಕಿಯಲ್ಲ. 2024ರ ಏಪ್ರಿಲ್ 28ರಂದು 38.5 ಬಂತು. ಚಳಿಯ ದಾಖಲೆ ಮುರಿಯಲು 140 ವರ್ಷದಿಂದ ಯಾರೂ ಬಂದಿಲ್ಲ, ಸೆಕೆಯ ದಾಖಲೆಯ ಹತ್ತಿರ ಪದೇ ಪದೇ ಸುಳಿಯುವವರಿದ್ದಾರೆ.

ಬೆಂಗಳೂರು 7.8ರಲ್ಲಿ ನಡುಗಿದ ಆ ಕಾಲಕ್ಕೆ ಸ್ವಲ್ಪ ಮೊದಲು ಯುವಕ ರವೀಂದ್ರನಾಥ ಟ್ಯಾಗೋರರು ಕಾರವಾರದಲ್ಲಿದ್ದರು, ಇಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಯಲ್ಲಿ. ‘ಭೂಮಿ ಒಂದೂವರೆ ಡಿಗ್ರಿ ಬಿಸಿಯಾಯಿತು’ ಎಂದು ಇಂದು ಓದುತ್ತೇವಲ್ಲ, ಅದನ್ನು ಎಣಿಸುವುದು 1850ರಿಂದ 1900ರವರೆಗಿನ ಸರಾಸರಿಯಿಂದ. ಅಂದರೆ ಟ್ಯಾಗೋರರು ಕಾರವಾರದ ಉಸುಕಿನ ಮೇಲೆ ಅಡ್ಡಾಡಿದ ಆ ಕಾಲದ ಹವೆಯೇ ನಮ್ಮ ಲೆಕ್ಕದ ಸೊನ್ನೆ. 2024ರಲ್ಲಿ ಅಲ್ಲಿಂದ 1.55 ಡಿಗ್ರಿ ಮೇಲೆ ಬಂದಿದ್ದೆವು.

ಆದರೆ ‘ಎಲ್ಲ ಊರಲ್ಲೂ ಸೆಕೆಯ ದಾಖಲೆ ಹೊಸದು, ಚಳಿಯ ದಾಖಲೆ ಹಳೆಯದು’ ಎಂದು ಭಾಷಣ ಮಾಡಲು ಹೊರಟರೆ ಸಿಕ್ಕಿಬೀಳುತ್ತೀರಿ. ದೆಹಲಿ ಸಫ್ದರ್‌ಜಂಗ್‌ನ ಗರಿಷ್ಠ ದಾಖಲೆ 47.2, ಅದು 1944ರದು. ಮುಂಬಯಿ ಸಾಂತಾಕ್ರೂಜ್‌ನದು 42.2, 1952ರದು. ಹಾಗಾದರೆ ಹವೆ ಬದಲಾಗಿಲ್ಲವೇ? ಬದಲಾಗಿದೆ. ಉತ್ತರದ ಬಯಲಿನ ಹೊಗೆ–ದೂಳು ಬಿಸಿಲನ್ನು ಅರ್ಧದಲ್ಲೇ ತಡೆಯುತ್ತದೆ, ನೀರಾವರಿಯ ಹೊಲಗಳು ಹಗಲಿನ ಪಾರವನ್ನು ಒಂದಿಷ್ಟು ಕೆಳಗೆಳೆಯುತ್ತವೆ. ಹಗಲಿನ ಒಂದು ದಿನದ ದಾಖಲೆಗಿಂತ ಬಿಸಿ ದಿನಗಳ ಸಾಲು ಮತ್ತು ತೇವ ಕೂಡಿದ ಸೆಕೆ ಇವುಗಳನ್ನು ನೋಡಬೇಕು. ಎಲ್ಲಕ್ಕಿಂತ ಹೆಚ್ಚಾಗಿ ರಾತ್ರಿಗಳನ್ನು.

ಪೇಟೆಯ ರಾತ್ರಿ ಹಳ್ಳಿಯ ರಾತ್ರಿಗಿಂತ ಬಿಸಿ ಎಂದು ಮೊದಲು ಅಳೆದು ಬರೆದವನು ಲಂಡನ್ನಿನ ಔಷಧ ವ್ಯಾಪಾರಿ ಲ್ಯೂಕ್ ಹೊವಾರ್ಡ್, 1818ರಲ್ಲಿ. ಅವನ ಲೆಕ್ಕದಲ್ಲಿ ರಾತ್ರಿಯ ವ್ಯತ್ಯಾಸ ಸುಮಾರು 2 ಡಿಗ್ರಿ. ಮೋಡಗಳಿಗೆ ಇಂದು ಜಗತ್ತು ಬಳಸುವ ಹೆಸರುಗಳ ಪದ್ಧತಿಯನ್ನು ಕೊಟ್ಟವನೂ ಇವನೇ. ಆಗ ಕಾರಿಲ್ಲ, ಏಸಿ ಇಲ್ಲ, ಕಾಂಕ್ರೀಟ್ ಗೋಪುರಗಳಿಲ್ಲ, ಬರೀ ಇಟ್ಟಿಗೆ ಮತ್ತು ಕಲ್ಲಿದ್ದಲಿನ ಒಲೆ.

ನಗರದ ರಾತ್ರಿ ಬಿಸಿಯಾಗಲು ಕಾರಣ ಹಗಲಿನ ಸಾಲ. ಸಿಮೆಂಟು, ಡಾಂಬರು ಹಗಲೆಲ್ಲ ಹೀರಿದ ಶಾಖವನ್ನು ಕತ್ತಲಾದ ಮೇಲೆ ನಿಧಾನವಾಗಿ ತೀರಿಸುತ್ತವೆ. ಎತ್ತರದ ಕಟ್ಟಡಗಳ ನಡುವಿನ ಇಕ್ಕಟ್ಟಿನ ಬೀದಿಗೆ ಆಕಾಶ ಕಾಣುವುದೇ ಅಷ್ಟಿಷ್ಟು, ಶಾಖ ಮೇಲೇರಿ ಹೋಗಲು ದಾರಿಯಿಲ್ಲ. ದೇವಬಾಗದ ಉಸುಕು ಮಧ್ಯಾಹ್ನ ಬರಿಗಾಲು ಇಡಲಾರದಷ್ಟು ಸುಟ್ಟರೂ ಸೂರ್ಯ ಮುಳುಗಿದ ಸ್ವಲ್ಪ ಹೊತ್ತಿಗೆ ತಣ್ಣಗಾಗಿರುತ್ತದೆ. ಮೇಲೆ ಬಯಲಾದ ಆಕಾಶ, ಉಸುಕಿನ ಕಣಗಳ ನಡುವೆ ಗಾಳಿ. ಶಾಖ ಆಳಕ್ಕೆ ಇಳಿದಿರುವುದೇ ಇಲ್ಲ.

ಹಗಲು 40 ದಾಟಿದ ಊರಲ್ಲಿ ಕನಿಷ್ಠ ಉಷ್ಣಾಂಶ ವಾಡಿಕೆಗಿಂತ ನಾಲ್ಕೂವರೆ ಡಿಗ್ರಿ ಹೆಚ್ಚಿದ್ದರೆ ಹವಾಮಾನ ಇಲಾಖೆ ಅದನ್ನು ‘ಬಿಸಿ ರಾತ್ರಿ’ ಎಂದು ಬರೆದುಕೊಳ್ಳುತ್ತದೆ. ಹಗಲಿನ ದಣಿವನ್ನು ಮೈ ರಾತ್ರಿ ತೀರಿಸಿಕೊಳ್ಳಬೇಕು. ಸತತ ನಾಲ್ಕು ರಾತ್ರಿ ಅದಕ್ಕೆ ಬಿಡುವು ಸಿಗದಿದ್ದರೆ ಮುದುಕರ ಹೃದಯ ಸೋಲುತ್ತದೆ. 1995ರ ಜುಲೈಯಲ್ಲಿ ಶಿಕಾಗೊದಲ್ಲಿ ಒಂದೇ ವಾರದಲ್ಲಿ 700ಕ್ಕೂ ಹೆಚ್ಚು ಜನ ಹೀಗೆ ಹೋದರು. ಅವರಲ್ಲಿ ಬಹಳ ಮಂದಿ ಒಂಟಿಯಾಗಿದ್ದ ವೃದ್ಧರು, ಕಳ್ಳರ ಹೆದರಿಕೆಗೆ ಕಿಟಕಿ ಮುಚ್ಚಿ ಮಲಗಿದವರು.

ಹಾಗಾದರೆ ಏಸಿ? ಅದು ತಂಪನ್ನು ತಯಾರಿಸುವುದಿಲ್ಲ, ಕೋಣೆಯ ಶಾಖವನ್ನು ಬೀದಿಗೆ ಎಸೆಯುತ್ತದೆ. ಜೊತೆಗೆ ತಾನು ತಿಂದ ವಿದ್ಯುತ್ತಿನ ಶಾಖವನ್ನೂ ಎಸೆಯುತ್ತದೆ. ಒಬ್ಬರ ತಂಪು ಪಕ್ಕದ ಮನೆಯವರ ಸೆಕೆ.

ಆ ವಿದ್ಯುತ್ತಿನ ಒಂದು ಪಾಲು ಹೋಗುವುದು ಕಾರವಾರ ತಾಲ್ಲೂಕಿನ ಕೈಗಾ ಅಣು ಸ್ಥಾವರದಿಂದ. ಅಲ್ಲಿಯ ಮೊದಲ ಘಟಕ ಒಮ್ಮೆಯೂ ನಿಲ್ಲದೆ 962 ದಿನ ನಡೆದು 2018ರ ಡಿಸೆಂಬರ್ 31ರಂದು ವಿಶ್ರಾಂತಿಗೆ ನಿಂತಿತು. ಅಣು ಸ್ಥಾವರ ಹುಟ್ಟಿಸುವ ಶಾಖದಲ್ಲಿ ವಿದ್ಯುತ್ತಾಗುವುದು ಮೂರನೇ ಒಂದು ಪಾಲು. ಉಳಿದ ಎರಡು ಪಾಲನ್ನು ತಣಿಸಲು ಕಾಳಿಯ ಕದ್ರಾ ಜಲಾಶಯದ ನೀರು ಬೇಕು. ಬೆಂಗಳೂರಿನ ಕೋಣೆ ತಂಪಾಗಲು ಕಾಳಿಯ ನೀರು ಬೆಚ್ಚಗಾಗುತ್ತದೆ ಎಂದರೆ ಪೂರ್ತಿ ಸುಳ್ಳೇನಲ್ಲ.

ಬೆಂಗಳೂರಿನ ರಸ್ತೆಬದಿಯ ಮರಗಳ ಕೆಳಗೂ ಮರವಿಲ್ಲದ ಕಡೆಯೂ ಉಷ್ಣಾಂಶ ಅಳೆದ ಹರಿಣಿ ನಾಗೇಂದ್ರ ಮತ್ತು ಸಂಗಡಿಗರ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಮಧ್ಯಾಹ್ನದ ಗಾಳಿಯಲ್ಲಿ 5.6 ಡಿಗ್ರಿವರೆಗೆ ವ್ಯತ್ಯಾಸ. ರಸ್ತೆಯ ಮೈಯಲ್ಲಿ? 27.5 ಡಿಗ್ರಿವರೆಗೆ! ಜಗತ್ತಿನ ನಾಯಕರು ಒಂದೂವರೆ ಡಿಗ್ರಿಗಾಗಿ ಜಗಳವಾಡುತ್ತಿರುವಾಗ ಒಂದು ಹೊಂಗೆಯೋ ಮಳೆಮರವೋ ಮಧ್ಯಾಹ್ನ ಒಂದೇ ಹೊತ್ತಿನಲ್ಲಿ ಇಷ್ಟು ಮಾಡುತ್ತದೆ.

ಅದೇ ಊರಿನಲ್ಲಿ 1973ರಲ್ಲಿ ಕಟ್ಟಡ–ರಸ್ತೆಗಳಿದ್ದ ಜಾಗ ಶೇ 8ರಷ್ಟು. ಈಗ ಶೇ 70 ದಾಟಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಅವರ ತಂಡ ಉಪಗ್ರಹ ಚಿತ್ರಗಳಿಂದ ತೆಗೆದ ಲೆಕ್ಕ ಇದು.

ಮರದ ಮಾತು ಬಂದ ಮೇಲೆ ಅಂಕೋಲಾ ತಾಲ್ಲೂಕು ಹೊನ್ನಳ್ಳಿಯ ತುಳಸಿ ಗೌಡ ಅವರ ಹೆಸರನ್ನು ಇಲ್ಲಿ ತಾರದಿರಲಾಗದು. ಶಾಲೆಯ ಮುಖ ಕಾಣದ, ಹಾಲಕ್ಕಿ ಸಮುದಾಯದ ಹೆಣ್ಣುಮಗಳು. ಅರಣ್ಯ ಇಲಾಖೆಯ ಸಸ್ಯಪಾಲನಾ ಕ್ಷೇತ್ರದಲ್ಲಿ ದಿನಗೂಲಿಯಾಗಿ ಸೇರಿ, ಯಾವ ಬೀಜವನ್ನು ಯಾವ ಮರದಿಂದ ಯಾವಾಗ ಆರಿಸಬೇಕೆಂಬುದನ್ನು ಕಣ್ಣಳತೆಯಲ್ಲೇ ಹೇಳುತ್ತಿದ್ದರು. 2021ರಲ್ಲಿ ಬರಿಗಾಲಲ್ಲಿ ರಾಷ್ಟ್ರಪತಿ ಭವನಕ್ಕೆ ಹೋಗಿ ಪದ್ಮಶ್ರೀ ಪಡೆದರು. 2024ರ ಡಿಸೆಂಬರ್ 16ರಂದು ತೀರಿಕೊಂಡರು.

ಇನ್ನು ಮನೆಯ ಮಾತು. ಚಿರೇಕಲ್ಲಿನ ಗೋಡೆ, ಮಂಗಳೂರು ಹೆಂಚಿನ ಮಾಡು. ಕರಾವಳಿಯ ಹಳೆಯ ಮನೆಯ ಗುಟ್ಟು ಹೆಂಚಿನ ಸಂದುಗಳಲ್ಲಿದೆ. ಬಿಸಿಗಾಳಿ ಮೇಲೇರಿ ಅಲ್ಲಿಂದ ಹೊರಗೆ ಹೋಗುತ್ತದೆ, ಹೆಂಚು ತೆಳ್ಳಗಿರುವುದರಿಂದ ಸಂಜೆಗೇ ತಣಿಯುತ್ತದೆ. ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಈಗ ಎಲ್ಲೆಲ್ಲೂ ಸ್ಲ್ಯಾಬ್. ಅದರ ಕೆಳಗೆ ರಾತ್ರಿ ಹತ್ತಕ್ಕೆ ಫ್ಯಾನ್ ಹಾಕಿದರೆ ಮೇಲಿನ ಬಿಸಿಯೇ ಕೆಳಗೆ ಬರುತ್ತದೆ. ಸ್ಲ್ಯಾಬಿನ ಮೇಲೆ ತಗಡಿನ ಮಾಡು ಏರಿಸುವುದು ಈಚೆಗೆ ಕಾರವಾರದಲ್ಲಿ ಫ್ಯಾಷನ್ ಆಗಿದೆ. ಮಳೆಗೆಂದು ಮಾಡಿದ್ದಾದರೂ ಬೇಸಿಗೆಗೂ ಉಪಕಾರವೇ, ನಡುವೆ ಗಾಳಿಯಾಡುವ ಜಾಗ ಬಿಟ್ಟಿದ್ದರೆ.

ಅಹಮದಾಬಾದಿನಲ್ಲಿ 2010ರ ಮೇ ತಿಂಗಳ ಬಿಸಿಗಾಳಿಗೆ ವಾಡಿಕೆಗಿಂತ 1,344 ಜನ ಹೆಚ್ಚು ಸತ್ತರು. ಆ ಪೆಟ್ಟು ತಿಂದ ಊರು 2013ರಲ್ಲಿ ದಕ್ಷಿಣ ಏಷ್ಯಾದ ಮೊದಲ ನಗರ ಬಿಸಿಗಾಳಿ ಯೋಜನೆ ತಂದಿತು. ಅದರಲ್ಲಿ ಮುಂದೆ ಸೇರಿದ ಒಂದು ಅಂಶ ಬಡವರ ಮಾಡಿಗೆ ಸುಣ್ಣ ಬಳಿಯುವುದು. ಬಿಳಿ ಬಣ್ಣ ಬಿಸಿಲನ್ನು ವಾಪಸು ಕಳಿಸುತ್ತದೆ. ಖರ್ಚು ಒಂದೆರಡು ಡಬ್ಬಿ ಸುಣ್ಣ.

ಹೊರದೇಶಗಳ ಅಂಕಿಗಳನ್ನೂ ನೋಡಿ. ಲಂಡನ್ನಿನ ಹೀಥ್ರೊದಲ್ಲಿ 40.2, 2022ರ ಜುಲೈ 19. ಬ್ರಿಟನ್ನಿನಲ್ಲಿ 40 ದಾಟಿದ್ದು ಅದೇ ಮೊದಲು. ಪ್ಯಾರಿಸ್, 2019ರ ಜುಲೈ 25, 42.6. ಅಮೆರಿಕದ ಫೀನಿಕ್ಸ್‌ನಲ್ಲಿ 2023ರ ಬೇಸಿಗೆಯಲ್ಲಿ ಸತತ 31 ದಿನ 43.3 ಡಿಗ್ರಿ ಅಥವಾ ಅದಕ್ಕಿಂತ ಹೆಚ್ಚು.

ಚಳಿ ಕಡಿಮೆಯಾಯಿತು ಎಂದರೆ ಚಳಿಯೇ ಬಾರದು ಎಂದಲ್ಲ. 2021ರ ಫೆಬ್ರವರಿಯಲ್ಲಿ ಟೆಕ್ಸಾಸ್ ಹೆಪ್ಪುಗಟ್ಟಿತು. ಹ್ಯೂಸ್ಟನ್, ಡಲ್ಲಾಸ್‌ಗಳಲ್ಲಿ ಕರೆಂಟು ಹೋಗಿ ನೀರಿನ ಕೊಳವೆಗಳು ಒಡೆದವು, 200ಕ್ಕೂ ಹೆಚ್ಚು ಜನ ಸತ್ತರು. ಸೆಕೆಗೆಂದೇ ಕಟ್ಟಿದ ಊರುಗಳವು.

ನೀರು ಕಾಯಲು ನೆಲಕ್ಕಿಂತ ಬಹಳ ಹೊತ್ತು ಬೇಕು, ಆರಲೂ ಅಷ್ಟೇ ಹೊತ್ತು. ಆದ್ದರಿಂದಲೇ ಕಡಲು ಕಾರವಾರಕ್ಕೆ ಪುಕ್ಕಟೆ ಏಸಿ. ಆದರೆ ಹಿಂದೂ ಮಹಾಸಾಗರದ ಮೇಲ್ಮೈ 1950ರಿಂದೀಚೆಗೆ ಸುಮಾರು 1.2 ಡಿಗ್ರಿ ಬಿಸಿಯಾಗಿದೆ. ಅದರಲ್ಲೂ ಅರಬ್ಬಿ ಕಡಲಿನದು ವೇಗದ ಏರಿಕೆ. ಕಡಲು ಬೆಚ್ಚಗಾದರೆ ಮಧ್ಯಾಹ್ನದ ಗಾಳಿ ತರುವ ತಂಪು ಕಡಿಮೆ, ತೇವ ಜಾಸ್ತಿ.

ಮೀನಿಗಿದು ಮೊದಲೇ ತಿಳಿದಿತ್ತು. ತಾರ್ಲೆ (ದಕ್ಷಿಣ ಕನ್ನಡದವರ ಬೂತಾಯಿ) ಒಂದು ಕಾಲಕ್ಕೆ ಹೆಚ್ಚಾಗಿ 8ರಿಂದ 14 ಡಿಗ್ರಿ ಉತ್ತರ ಅಕ್ಷಾಂಶದ ನಡುವಿನ ಮಲಬಾರ್ ಕರಾವಳಿಯ ಮೀನು. ಕಾರವಾರ ಇರುವುದು ಆ ಗಡಿಯಾಚೆ, 14.8ರಲ್ಲಿ. 1980ರ ದಶಕದ ನಂತರ ತಾರ್ಲೆ ಉತ್ತರಕ್ಕೂ ಪೂರ್ವ ಕರಾವಳಿಗೂ ಹರಡಿದ್ದನ್ನು ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ದಾಖಲಿಸಿದೆ. ಕಡಲು ಬೆಚ್ಚಗಾದದ್ದಕ್ಕೂ ಇದಕ್ಕೂ ನಂಟಿದೆ. ಬಂಗಡೆಯದೂ ಹೆಚ್ಚುಕಡಿಮೆ ಅದೇ ಕತೆ. ರಂಪಣಿ ಬಲೆ ಎಳೆಯುವ ಕಾರವಾರದವರಿಗೆ ‘ಈ ವರ್ಷ ಬಂಗಡೆ ಎಲ್ಲಿ ಹೋಯಿತು’ ಎಂಬುದು ಕಟ್ಟೆ ಮಾತಲ್ಲ, ಮಳೆಗಾಲದ ಅಕ್ಕಿಯ ಪ್ರಶ್ನೆ.

ದೇವಬಾಗ, ಮಾಜಾಳಿ ದಂಡೆಗಳಲ್ಲಿ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆಯಿಡುತ್ತವೆ. ಮರಿ ಗಂಡೋ ಹೆಣ್ಣೋ ಎಂಬುದನ್ನು ತೀರ್ಮಾನಿಸುವುದು ಗೂಡಿನ ಉಸುಕಿನ ಬಿಸಿ. 29–30 ಡಿಗ್ರಿಯ ಆಸುಪಾಸಿನಲ್ಲಿ ಎರಡೂ ಹುಟ್ಟುತ್ತವೆ, ಅದಕ್ಕಿಂತ ಬಿಸಿಯಾದರೆ ಹೆಣ್ಣೇ ಹೆಚ್ಚು. ಆಸ್ಟ್ರೇಲಿಯಾದ ಬಿಸಿ ದಂಡೆಗಳಲ್ಲಿ ಹುಟ್ಟಿದ ಹಸಿರು ಕಡಲಾಮೆಗಳ ಎಳೆಯ ಪೀಳಿಗೆಯಲ್ಲಿ ಶೇ 99 ಹೆಣ್ಣು ಎಂದು 2018ರ ಅಧ್ಯಯನವೊಂದು ಹೇಳಿತು. ಗಂಡು ಸಿಗದ ಕಾಲ ಅವಕ್ಕೆ ದೂರವಿಲ್ಲ.

ಅಂಕೋಲೆಯ ಕರಿ ಇಶಾಡ ಮಾವಿಗೆ 2023ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಮಾವು ಹೂ ಬಿಡಬೇಕಾದರೆ ಚಳಿಗಾಲದ ರಾತ್ರಿಗಳು ತಂಪಾಗಿರಬೇಕು. ರಾತ್ರಿ ಬೆಚ್ಚಗಿದ್ದರೆ ಮರ ಹೂವಿನ ಬದಲು ಎಲೆ ಚಿಗುರಿಸುತ್ತದೆ. ಮಾನ್ಯತೆಯ ಪ್ರಮಾಣಪತ್ರಕ್ಕೆ ಈ ಕರಾರು ಗೊತ್ತಿಲ್ಲ.

ಗಾಳಿ ಒಂದು ಡಿಗ್ರಿ ಬಿಸಿಯಾದರೆ ಶೇ 7ರಷ್ಟು ಹೆಚ್ಚು ನೀರಾವಿಯನ್ನು ಹಿಡಿದಿಡಬಲ್ಲದು. ಸೆಕೆ ಹೆಚ್ಚಿದ ಲೋಕದಲ್ಲಿ ಮಳೆ ಬಂದರೆ ಸುರಿದೇ ಬರುವುದು ಇದರಿಂದ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಭಾರಿ ಮಳೆಯ ನಡುವೆ ಗುಡ್ಡ ಕುಸಿದು ಹೆದ್ದಾರಿಯನ್ನೂ ಜನರನ್ನೂ ಗಂಗಾವಳಿಗೆ ತಳ್ಳಿತು. ಆದರೆ ಅದನ್ನು ಹವಾಮಾನದ ಖಾತೆಗೆ ಪೂರ್ತಿ ಬರೆಯುವುದು ಜಾಣತನದ ನುಣುಚಿಕೆ. ಗುಡ್ಡವನ್ನು ಗೋಡೆಯಂತೆ ನೆಟ್ಟಗೆ ಕಡಿದದ್ದು ಮಳೆಯಲ್ಲ.

ಉಕ್ಕು 10 ಡಿಗ್ರಿ ಬಿಸಿಯಾದರೆ ಒಂದು ಕಿಲೋಮೀಟರಿಗೆ ಸುಮಾರು 12 ಸೆಂಟಿಮೀಟರ್ ಹಿಗ್ಗುತ್ತದೆ. ಕೊಂಕಣ ರೈಲ್ವೆಯ ಗ್ಯಾಂಗ್‌ಮನ್‌ಗಳು ಮಳೆಗಾಲದಲ್ಲಿ ಗುಡ್ಡ ಕಾಯುತ್ತಾರೆ, ಬೇಸಿಗೆಯಲ್ಲಿ ಹಳಿ.

ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ, ವಿಜಯಪುರ–ಬಾಗಲಕೋಟೆಗಳಲ್ಲಿ ಏಪ್ರಿಲ್–ಮೇ ಬಂತೆಂದರೆ ಸರ್ಕಾರಿ ಕಚೇರಿ ಬೆಳಿಗ್ಗೆ 8ಕ್ಕೆ ಶುರು, ಮಧ್ಯಾಹ್ನ 1.30ಕ್ಕೆ ಬಂದ್. ಉತ್ತರ ಕನ್ನಡದ ಎಷ್ಟೋ ಮನೆಗಳ ಮಕ್ಕಳು ದುಡಿಯುವ ದುಬೈ, ಅಬುಧಾಬಿಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರವರೆಗೆ ಬಿಸಿಲಲ್ಲಿ ಕೆಲಸ ಮಾಡಿಸುವುದು ಕಾನೂನಿಗೆ ವಿರುದ್ಧ. ಕಾರವಾರದ ಗಾರೆಯವನಿಗೆ ಮಾರ್ಚಿನಲ್ಲಿ ಅಂಥ ಕಾನೂನಿಲ್ಲ. ಅವನಿಗೆ ಇರುವುದು ಮೇಸ್ತ್ರಿಯ ದಯೆ ಮತ್ತು ಮನೆಯಾಕೆ ಕಳಿಸಿದ ಮುರುಗಲು ಪಾನಕ.

ಆಫ್ರಿಕಾದ ಸಿಯೆರಾ ಲಿಯೋನ್ ದೇಶದ ಫ್ರೀಟೌನ್ ನಗರ 2021ರಲ್ಲಿ ಸೆಕೆಗೆಂದೇ ಒಬ್ಬ ಮಹಿಳಾ ಅಧಿಕಾರಿಯನ್ನು ನೇಮಿಸಿತು. ಆಕೆ ಮಾಡಿಸಿದ ಮೊದಮೊದಲ ಕೆಲಸಗಳಲ್ಲಿ ಒಂದು ಬಯಲಲ್ಲಿ ವ್ಯಾಪಾರಕ್ಕೆ ಕೂರುವ ಹೆಂಗಸರ ತಲೆಯ ಮೇಲೆ ನೆರಳಿನ ಚಪ್ಪರ. ಅಂಕೋಲೆಯ ಪೇಟೆಯಲ್ಲಿ ತರಕಾರಿ ಬುಟ್ಟಿ ಇಟ್ಟು ಕೂರುವ ಹಾಲಕ್ಕಿ ಹೆಂಗಸರನ್ನು ಕಂಡವರಿಗೆ ಇದರ ಬೆಲೆ ವಿವರಿಸಬೇಕಿಲ್ಲ.

ಫ್ಯಾನ್ ಕೋಣೆಯನ್ನು ತಂಪು ಮಾಡುವುದಿಲ್ಲ, ಬೆವರನ್ನು ಆರಿಸುತ್ತದೆ ಅಷ್ಟೇ. ಗಾಳಿಯೇ 40 ದಾಟಿದ್ದರೆ ಫ್ಯಾನ್ ಮೈಯನ್ನು ಕಾಯಿಸುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸುತ್ತದೆ. ಕಾರವಾರಕ್ಕೆ ಆ ಚಿಂತೆ ಅಪರೂಪ.

ಬಿಸಿಲು ಬಡಿದವನ ಮಾತು ತೊದಲಿದರೆ, ಗೊಂದಲವಾದರೆ, ಮೈ 40 ಡಿಗ್ರಿ ಮುಟ್ಟಿದ್ದರೆ ಅದು ತಲೆಸುತ್ತಲ್ಲ, ಪ್ರಾಣಕ್ಕೆ ಬಂದ ಕುತ್ತು. 108ಕ್ಕೆ ಫೋನ್ ಮಾಡಿ. ಗಾಡಿ ಬರುವವರೆಗೆ ಕಾಯದೆ ನೆರಳಿಗೆ ಎಳೆದು ಮೈಮೇಲೆ ನೀರು ಸುರಿಯಿರಿ, ಗಾಳಿ ಹಾಕಿ. ಪ್ರಜ್ಞೆ ಸರಿಯಿಲ್ಲದವನ ಬಾಯಿಗೆ ನೀರು ಹೊಯ್ಯಬೇಡಿ.

ಚಂಡಮಾರುತಗಳಿಗೆ ಹೆಸರಿಡುವುದು ನಿಮಗೆ ಗೊತ್ತು. ಬಿಸಿಗಾಳಿಗೆ ಅಧಿಕೃತವಾಗಿ ಮೊದಲು ಹೆಸರಿಟ್ಟದ್ದು ಸ್ಪೇನಿನ ಸೆವಿಲ್ಲೆ ನಗರ. 2022ರ ಜುಲೈಯಲ್ಲಿ ಬಂದದ್ದು ‘ಜೋಯೆ’, ಮರುವರ್ಷ ಜೂನಿನಲ್ಲಿ ಬಂದದ್ದು ‘ಯಾಗೊ’. ಅಕ್ಷರಮಾಲೆಯ ಕೊನೆಯಿಂದ ಹಿಂದಕ್ಕೆ ಬರುವುದು ಅವರ ಪದ್ಧತಿ. ನಮ್ಮ ಮಾರ್ಚಿನ ಸೆಕೆಗೆ ಹೆಸರಿಡುವ ಕೆಲಸವನ್ನು ಅಂಕೋಲೆಯ ಕಟ್ಟೆಯ ಮೇಲೆ ಕೂತವರಿಗೆ ಒಪ್ಪಿಸಿದರೆ ಪಟ್ಟಿಯಲ್ಲಿ ಯಾರ್ಯಾರು ಬರುತ್ತಾರೋ, ಊರಿನ ಪುಢಾರಿಗಳು ಹುಷಾರಾಗಿರಬೇಕು.